ನಾಗಲ್ ಸೋತ, ಭಾವ ಲೆಕ್ಕ ಹಾಕಿದರು

17 ಫೆಬ್ರವರಿ 2024, ಶನಿವಾರ, ರಾತ್ರಿ

ಟೆನಿಸ್ ಸೆಮಿಫೈನಲ್‌ನಲ್ಲಿ ಸುಮಿತ್ ನಾಗಲ್ ಸೋತ. 7-6, 6-4. ಟೈಬ್ರೇಕಿನಲ್ಲಿ ಸಿಕ್ಕಿದ್ದು ಬರೀ ಎರಡು ಪಾಯಿಂಟ್. ಗೆದ್ದವನು ಇಟಲಿಯ ಸ್ಟೆಫಾನೊ ನಪೊಲಿಟಾನೊ. ನಾಳೆ ಕೊರಿಯಾದ ಹಾಂಗ್ ಜತೆ ಅವನಿಗೆ ಫೈನಲ್. ನಾಗಲ್ ಕಳೆದ ಭಾನುವಾರ ಚೆನ್ನೈನಲ್ಲಿ ಕಪ್ ಗೆದ್ದ, ಸೋಮವಾರ ರ‍್ಯಾಂಕಿಂಗ್‌ನಲ್ಲಿ 98ಕ್ಕೆ ಬಂದ, ಅದೇ ವಾರ ಬೆಂಗಳೂರು ಓಪನ್‌ನಲ್ಲಿ ಸೆಮಿಫೈನಲ್ ತನಕ ಆಡಿದ. ಕಾಲಾದರೂ ಎಷ್ಟು ಅಂತ ಓಡುತ್ತೆ? ನಾನು ಹಾಗೆ ಅಂದಿದ್ದಕ್ಕೆ ಅಕ್ಕನ ಮಗ ಚಿನ್ನು ಮುಖ ಆ ಕಡೆ ತಿರುಗಿಸಿಕೊಂಡ.

ಭಾವ ಬಂದಿದ್ದೇ ಆಶ್ಚರ್ಯ. ಟೆನಿಸ್ ಕೋರ್ಟಿಗೆ ಮಗನನ್ನು ಬಿಟ್ಟು ಬರೋದು ಗೊತ್ತು, ಕೂತು ನೋಡಿದ್ದು ಕಡಿಮೆ. ಅಕ್ಕ ಕಳಿಸಿದ್ದಾಳೆ ಅಂತ ನನಗೆ ಆಗಲೇ ಅನಿಸಿತ್ತು. ಚಿನ್ನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಓಪನ್ ಸ್ಕೂಲಿಗೆ ಕಟ್ಟಬೇಕು, ದಿನವಿಡೀ ಆಡಬೇಕು ಅಂತ ಕೋಚ್ ಹೇಳಿದ್ದಾರಲ್ಲ, ಅದರದ್ದೇ ಗಲಾಟೆ. ನೀನೇ ಒಂದ್ಸಲ ತೋರಿಸು, ನೀನೇ ಮಾತಾಡು ಅಂತ ಅಕ್ಕ ನನ್ನ ತಲೆಗೆ ಕಟ್ಟಿದ್ದಾಳೆ.

ಎರಡನೇ ಸೆಟ್ ನಡುವೆ ಶುರುವಾಯ್ತು.

"ಇವನು ನಮ್ಮ ದೇಶದಲ್ಲಿ ಎಷ್ಟನೆಯವನು?"

"ಮೊದಲನೆಯವನು ಭಾವ, ಸಿಂಗಲ್ಸ್‌ನಲ್ಲಿ."

"ಮತ್ತೆ ನಮ್ಮ ಕೊಡಗಿನ ಬೋಪಣ್ಣ? ಮೊನ್ನೆ ಆಸ್ಟ್ರೇಲಿಯಾದಲ್ಲಿ ಗೆದ್ದರಲ್ಲ, 43ನೇ ವಯಸ್ಸಿಗೆ."

"ಅದು ಡಬಲ್ಸ್."

"ಅಂದ್ರೆ ಇಲ್ಲಿ ಎಲ್ಲಾ ಖರ್ಚೂ ಒಬ್ಬನದೇ."

ಬ್ಯಾಂಕಿನವರು ನೋಡಿ. ಆಟ ಬಿಟ್ಟು ನೇರ ಅಲ್ಲಿಗೇ ಬಂದರು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಆಗ್ತಿತ್ತೇನೋ, ಹೋದ ಸೆಪ್ಟೆಂಬರ್‌ನಲ್ಲಿ ನಾಗಲ್ ಪೇಪರಿನವರ ಹತ್ತಿರ ಹೇಳಿಕೊಂಡಿದ್ದು ನೆನಪಾಗಿ ಹೇಳಿದೆ. ಒಬ್ಬ ಕೋಚ್ ಜತೆ ಓಡಾಡೋಕೆ ವರ್ಷಕ್ಕೆ 80 ಲಕ್ಷದಿಂದ 1 ಕೋಟಿ ಬೇಕು, ಅದರಲ್ಲಿ ಫಿಸಿಯೋ ಇಲ್ಲ. ಒಂದು ಹಂತದಲ್ಲಿ ಅಕೌಂಟಿನಲ್ಲಿ ಉಳಿದಿದ್ದು 900 ಯೂರೋ.

ಭಾವ ಸ್ವಲ್ಪ ಹೊತ್ತು ಕೋರ್ಟ್ ಕಡೆಗೇ ನೋಡ್ತಿದ್ದರು. "ಮೊದಲನೆಯವನ ಹತ್ರ 900. ಹಾಗಾದ್ರೆ ಇಪ್ಪತ್ತನೆಯವನ ಹತ್ರ?"

ನಾನು ಏನು ಹೇಳಲಿ? ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್‌ನಲ್ಲಿ ನಾಗಲ್ ಕ್ವಾಲಿಫೈಯಿಂಗ್‌ನ ಮೂರು ಮ್ಯಾಚ್ ಗೆದ್ದು ಒಳಗೆ ಬಂದಿದ್ದು, ಮೊದಲ ಸುತ್ತಿನಲ್ಲಿ 31ನೇ ಶ್ರೇಯಾಂಕದ (ಟೂರ್ನಿಯವರು ಬಲಿಷ್ಠರಿಗೆ ಕೊಡೋ ಸೀಡ್) ಬುಬ್ಲಿಕ್‌ಗೆ ನೇರ ಸೆಟ್‌ನಲ್ಲಿ ಸೋಲುಣಿಸಿದ್ದು ಹೇಳಿದೆ. ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್‌ನಲ್ಲಿ ಶ್ರೇಯಾಂಕದವನನ್ನು ನಮ್ಮವನೊಬ್ಬ ಸೋಲಿಸಿದ್ದು 1989ರ ನಂತರ ಅದೇ ಮೊದಲು. ಆಗ ರಮೇಶ್ ಕೃಷ್ಣನ್ ಅದೇ ಆಸ್ಟ್ರೇಲಿಯಾದಲ್ಲಿ ಆಗಿನ ನಂಬರ್ ಒನ್ ವಿಲಾಂಡರ್‌ನನ್ನು ಮನೆಗೆ ಕಳಿಸಿದ್ದರು. ಆ ಒಂದು ಗೆಲುವಿಗೆ ನಾಗಲ್‌ಗೆ 1,80,000 ಆಸ್ಟ್ರೇಲಿಯನ್ ಡಾಲರ್ ಗ್ಯಾರಂಟಿಯಾಯ್ತು. ಕೋಟಿಯ ಹತ್ತಿರ ಹತ್ತಿರ ಆಯ್ತಲ್ಲ ಭಾವ ಅಂದೆ.

"ಅಂದ್ರೆ ಒಂದು ವರ್ಷದ ಖರ್ಚು."

ಆಮೇಲೆ ರ‍್ಯಾಂಕಿಂಗ್ ಪಾಯಿಂಟ್ ಹೇಗೆ ಅಂತ ಕೇಳಿದರು. ಈ ಟೂರ್ನಿ ಗೆದ್ದರೆ 100, ಸೆಮಿಫೈನಲ್ ಸೋತರೆ 25, ಮೊದಲ ಸುತ್ತಲ್ಲೇ ಸೋತರೆ ಸೊನ್ನೆ. ಬಂದ ಪಾಯಿಂಟ್ 52 ವಾರ ಇರುತ್ತೆ, ಆಮೇಲೆ ಹೋಗುತ್ತೆ, ಮತ್ತೆ ಆಡಿ ಸಂಪಾದಿಸಬೇಕು ಅಂದೆ.

"ಒಳ್ಳೆ ಎಫ್‌ಡಿ ಕಣೋ ಇದು. ವರ್ಷ ತುಂಬಿದ್ರೆ ಅಸಲೇ ಮಾಯ!"

ಪಕ್ಕದವರೂ ನಕ್ಕುಬಿಟ್ಟರು. ರಣಜಿಯಲ್ಲಾದರೆ ಹನ್ನೊಂದರಲ್ಲಿ ಒಬ್ಬನಾದ ಹೊಸ ಹುಡುಗನಿಗೂ ದಿನಕ್ಕೆ 40,000 ಕೊಡ್ತಾರೆ, ಸೊನ್ನೆಗೆ ಔಟಾದರೂ ಕೊಡ್ತಾರೆ ಅಂತ ಭಾವ ಅವರಿಗೂ ವಿವರಿಸಿದರು. ಟೆನಿಸ್ ನೋಡೋಕೆ ಬಂದವರ ನಡುವೆ ಕ್ರಿಕೆಟ್ ಭಾಷಣ. ಚಿನ್ನು ಎದ್ದು ಹಿಂದಿನ ಸಾಲಿಗೆ ಹೋಗಿ ಕೂತ.

ಕಬ್ಬನ್ ಪಾರ್ಕಿನಲ್ಲಿ ಶನಿವಾರದ ಜನ ಅಂದ್ರೆ ಜನ. ಬಾಲಭವನದ ಹತ್ತಿರ ಚುರುಮುರಿಗೆ ಕಾಯೋದರಲ್ಲೇ ಸಾಕಾಯ್ತು. ಈರುಳ್ಳಿ ಜಾಸ್ತಿ, ಖಾರ ಇಲ್ಲವೇ ಇಲ್ಲ.

ಮ್ಯಾಚಿಗೆ ಮುಂಚೆ ನಡೆದದ್ದನ್ನು ಬರೀಬೇಕು. ಪ್ರಾಕ್ಟೀಸ್ ಕೋರ್ಟಿನಲ್ಲಿ ಒಬ್ಬ ಒಂಟಿಯಾಗಿ ಸರ್ವ್ ಹಾಕ್ತಿದ್ದ. ಈ ವಾರ ಬೇಗ ಸೋತವನು, ಮುಂದಿನ ವಾರದ ಪುಣೆ ಟೂರ್ನಿಗೆ ಇಲ್ಲೇ ತಯಾರಿ. ಚೆನ್ನೈ, ಬೆಂಗಳೂರು, ಪುಣೆ, ದೆಹಲಿ, ವಾರಕ್ಕೊಂದು ಊರು. ಹೆಸರು ಬೇಡ. ಕೋಚ್ ಇಲ್ಲ, ಚೆಂಡು ಆಯೋಕೂ ಯಾರಿಲ್ಲ. ಚಿನ್ನು ಕೇಳಿಕೊಂಡು ಒಳಗೆ ಹೋಗಿ ಚೆಂಡು ಆಯ್ದು ಕೊಡೋಕೆ ಶುರುಮಾಡಿದ.

ಸ್ವಲ್ಪ ಹೊತ್ತಿಗೆ ರ‍್ಯಾಕೆಟ್ಟಿನ ಒಂದು ಎಳೆ ಪಟ್ ಅಂತ ಹರಿಯಿತು. ಅವನು ಬೆಂಚಿನ ಮೇಲೆ ಕೂತು ಬ್ಯಾಗಿನಿಂದ ಸಣ್ಣ ಕತ್ತರಿ ತೆಗೆದ. ನಡುವಿನಿಂದ ಶುರುಮಾಡಿ ಅಡ್ಡ ಉದ್ದ ಎಳೆಗಳನ್ನೆಲ್ಲ ಒಂದೊಂದಾಗಿ ಕತ್ತರಿಸಿದ. ಬಿಟ್ಟರೆ ಫ್ರೇಮು ಒಂದೇ ಕಡೆ ಎಳೆಯುತ್ತೆ ಮಾಮ, ಅದಕ್ಕೇ ಹಾಗೆ ಮಾಡ್ತಾರೆ ಅಂತ ಚಿನ್ನು ನನಗೆ ಪಾಠ ಹೇಳಿದ. ಕತ್ತರಿಸಿದ ಚೂರುಗಳನ್ನು ಅವನು ಕೆಳಗೆ ಬಿಸಾಡಲಿಲ್ಲ, ಒಂದು ಕವರಿಗೆ ಹಾಕಿಕೊಂಡ. ಗಟ್ಟಿಂಗ್‌ಗೆ, ಅಂದ್ರೆ ಹೊಸ ಎಳೆ ಹಾಕಿಸೋಕೆ, ಎಷ್ಟಾಗುತ್ತೆ ಅಂತ ಭಾವ ಬೇಲಿಯಾಚೆಯಿಂದ ನನ್ನನ್ನು ಕೇಳಿದರು. ಚಿನ್ನುಗೆ ತಿಂಗಳಿಗೆ ಎರಡು ಸಲ ಮಾಡಿಸೋರು ಅವರೇ, ಆದರೂ ಕೇಳಿದರು.

ಅವನು ಚಿನ್ನುವನ್ನು ಮಾತಾಡಿಸಿದ. ವಯಸ್ಸೆಷ್ಟು, ಬ್ಯಾಕ್‌ಹ್ಯಾಂಡ್ ಒಂದು ಕೈಯಾ ಎರಡು ಕೈಯಾ, ಊರೂರು ತಿರುಗೋದು ಇಷ್ಟಾನಾ. ಎಲ್ಲದಕ್ಕೂ ಇವನ ಬಾಯಲ್ಲಿ ಪಟಪಟ ಉತ್ತರ. ಕೊನೆಗೆ, ದುಡ್ಡು ಯಾರು ಕೊಡ್ತಾರೆ ಅಂದ. ಚಿನ್ನು ಬೇಲಿಯ ಕಡೆ ಕೈ ತೋರಿಸಿದ. ಅವನು ರ‍್ಯಾಕೆಟ್ ಎತ್ತಿ ಭಾವನಿಗೆ ನಮಸ್ಕಾರ ಮಾಡಿದ. ನಾನೂ ಚಿನ್ನೂ ನಕ್ಕೆವು. ಭಾವ ನಗಲಿಲ್ಲ, ಆದರೆ ತಿರುಗಿ ಕೈ ಎತ್ತಿದರು.

ಮೆಟ್ರೋದಲ್ಲಿ ಚಿನ್ನು ನನ್ನ ಭುಜಕ್ಕೆ ಒರಗಿಕೊಂಡು ಪ್ರಜ್ಞೇಶ್ ಬಗ್ಗೆ ಕೇಳಿದ. 2018ರಲ್ಲಿ ಇದೇ ಕೋರ್ಟಿನಲ್ಲಿ ಗೆದ್ದ ಪ್ರಜ್ಞೇಶ್ ಗುಣೇಶ್ವರನ್. ಮೊಣಕಾಲಿನ ತೊಂದರೆಯಿಂದ ವರ್ಷಗಟ್ಟಲೆ ಆಟವೇ ಇಲ್ಲದೆ, ಆಮೇಲೆ 29ನೇ ವಯಸ್ಸಿನಲ್ಲಿ 75ನೇ ರ‍್ಯಾಂಕಿಗೆ ಹೋದವನು. "ಅಪ್ಪನಿಗೆ ಅದನ್ನ ಹೇಳು ಮಾಮ." ಎದುರು ಸೀಟಿನಲ್ಲಿ ಅಪ್ಪ ಕಣ್ಣು ಮುಚ್ಚಿಕೊಂಡಿದ್ದರು. ನಾನೇನು ಹೇಳಲಿ? ಆ ವರ್ಷಗಳಲ್ಲಿ ಮನೆಯವರು ಏನು ತಿಂದರು, ಯಾರ ಹತ್ತಿರ ಕೈ ಚಾಚಿದರು ಅಂತ ಭಾವ ಕೇಳದೆ ಬಿಡ್ತಾರಾ?

ಇಳಿಯುವಾಗ ಭಾವ ನನ್ನನ್ನು ಹಿಂದಕ್ಕೆ ಎಳೆದುಕೊಂಡರು. ಬೈಗುಳವೇ ಇರಬೇಕು ಅಂದ್ಕೊಂಡೆ. "ನಾಳೆ ಫೈನಲ್ ಎಷ್ಟು ಗಂಟೆಗೆ?" ಅಂದರು. ಅಷ್ಟೇ ಆಗಿದ್ದರೆ ಖುಷಿಪಡಬಹುದಿತ್ತು. ಅದರ ಹಿಂದೆಯೇ, ಮೆಲ್ಲಗೆ, "ನಿಮ್ಮಕ್ಕನಿಗೆ ಈಗಲೇ ಹೇಳಬೇಡ, ಆ ಸೈಟಿಗೆ ಈಗ ಏನು ರೇಟ್ ನಡೀತಿದೆ ವಿಚಾರಿಸು" ಅಂದರು.

ಆ ಸೈಟು! ಅಕ್ಕನ ಒಡವೆ ಹೋಗಿದ್ದು ಅದಕ್ಕೇ ಅಲ್ವಾ. ಅವಳಿಗೆ ಹೇಳದೆ ವಿಚಾರಿಸೋದು ಹೇಗೆ, ಹೇಳಿದರೆ ಚಿನ್ನುವನ್ನು ಆಡಿಸು ಆಡಿಸು ಅಂತಿದ್ದ ಅವಳೇ ನಾಳೆ…