ಪಾಯಿಂಟ್‌ ಕೊಟ್ಟು ತೆಗೆದ ಟಿಕೆಟ್, ರದ್ದಾದ ವಿಮಾನ: ಪ್ರಾಗ್‌ನಿಂದ ಬೆಂಗಳೂರಿಗೆ ಮರಳಿದ ಬಗೆ

ವಿಮಾನ ಸಂಸ್ಥೆಯ ಯೋಜನೆಯಲ್ಲಿ ಕೂಡಿಟ್ಟ ಪಾಯಿಂಟ್‌ಗಳ ಲೆಕ್ಕದಲ್ಲಿ ಟಿಕೆಟ್ ತೆಗೆದು ಯುರೋಪಿಗೆ ಹೋಗಿಬರುವವರಿಗೆ ಮೊದಲ ಮಾತು: ವಿಮಾನ ರದ್ದಾಗಿದೆ ಎಂಬ ಸಂದೇಶ ಬಂದರೆ, ಅದರ ಕೆಳಗೇ ಇರುವ ‘ಪಾಯಿಂಟ್ ವಾಪಸ್’ ಗುಂಡಿಯನ್ನು ಅವಸರದಲ್ಲಿ ಒತ್ತಬೇಡಿ. ಒತ್ತಿದರೆ ಪಾಯಿಂಟ್‌ಗಳು ಬರುತ್ತವೆ, ಕಟ್ಟಿದ ತೆರಿಗೆಯೂ ಬರುತ್ತದೆ. ಆದರೆ ನಿಮ್ಮನ್ನು ಊರು ಮುಟ್ಟಿಸುವ ಹೊಣೆ ವಿಮಾನ ಸಂಸ್ಥೆಯ ಹೆಗಲಿನಿಂದ ಇಳಿದುಹೋಗುತ್ತದೆ. ಆಮೇಲೆ ಅಷ್ಟೇ ಪಾಯಿಂಟ್‌ಗೆ, ಅದೂ ಪ್ರಯಾಣ ಹತ್ತಿರವಾದಾಗ, ಇನ್ನೊಂದು ಸೀಟು ಸಿಗುವುದು ಕಷ್ಟ.

ನಾನು ಅಮ್ಮನನ್ನು ಕರೆದುಕೊಂಡು ಪ್ರಾಗ್‌ನಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ಟಿಕೆಟ್ ತೆಗೆದದ್ದು ಒಂದು ಸಂಸ್ಥೆಯ ಪಾಯಿಂಟ್ ಯೋಜನೆಯಿಂದ. ಹಾರಬೇಕಿದ್ದದ್ದು ಅದರ ಪಾಲುದಾರನಾದ ಯುರೋಪಿನ ಇನ್ನೊಂದು ಸಂಸ್ಥೆಯ ವಿಮಾನದಲ್ಲಿ, ನಡುವೆ ಒಂದು ಕಡೆ ಇಳಿದು ಹತ್ತಬೇಕು. ಮರಳುವ ದಿನಕ್ಕೆ ಹದಿನಾಲ್ಕು ದಿನಕ್ಕಿಂತ ಹೆಚ್ಚು ಸಮಯ ಇರುವಾಗಲೇ ಬೆಂಗಳೂರಿನ ವಿಮಾನ ರದ್ದಾದ ಇ-ಮೇಲ್ ಬಂತು. ಬದಲಿಗೆ ತೋರಿಸಿದ್ದು ಮುಂದಿನ ವಾರದ ವಿಮಾನ. ಅಷ್ಟರೊಳಗೆ ಅಮ್ಮನ ಷೆಂಗೆನ್ ವೀಸಾದ ಅವಧಿ ಮುಗಿಯುತ್ತಿತ್ತು.

ಪಾಯಿಂಟ್ ಸಂಸ್ಥೆಗೆ ಕರೆ ಮಾಡಿದರೆ, “ಅವಾರ್ಡ್ ಸೀಟು (ಪಾಯಿಂಟ್‌ಗೆ ಕೊಡುವ ಸೀಟು) ಇಲ್ಲ, ವಿಮಾನ ಹಾರಿಸುವವರನ್ನು ಕೇಳಿ” ಎಂದರು. ಹಾರಿಸುವವರನ್ನು ಕೇಳಿದರೆ, “ಟಿಕೆಟ್ ನಮ್ಮದಲ್ಲ, ಕೊಟ್ಟವರನ್ನು ಕೇಳಿ” ಎಂದರು. ಈ ಪಾಲುದಾರಿಕೆಯ ಟಿಕೆಟ್‌ಗಳಲ್ಲಿ ಪ್ರಯಾಣಿಕ ಸಿಕ್ಕಿಬೀಳುವುದು ಇಲ್ಲಿಯೇ. ಸ್ಪೀಕರ್‌ನಲ್ಲಿ ಮಾತು ಕೇಳಿಸಿಕೊಳ್ಳುತ್ತಿದ್ದ ತಂಗಿ, “ಅಣ್ಣ, ಇವರು ಕೊಡುವುದಿಲ್ಲ ಅನ್ನುತ್ತಿಲ್ಲ, ತಮಗೆ ಕಾಣಿಸುತ್ತಿಲ್ಲ ಅನ್ನುತ್ತಿದ್ದಾರೆ” ಎಂದಳು. ಅವಳ ಮಾತು ಸರಿಯಾಗಿತ್ತು. ಪಾಯಿಂಟ್ ಸಂಸ್ಥೆಯ ಸಿಬ್ಬಂದಿಯ ಪರದೆಯಲ್ಲಿ ಸಾಮಾನ್ಯವಾಗಿ ಕಾಣುವುದು ಪಾಲುದಾರರು ಪಾಯಿಂಟ್‌ಗೆಂದು ಬಿಟ್ಟುಕೊಟ್ಟ ಸೀಟುಗಳು ಮಾತ್ರ. ಸ್ಟಾರ್ ಅಲಯನ್ಸ್ ಎಂಬ ಮೈತ್ರಿಕೂಟದ ವಿಮಾನ ಸಂಸ್ಥೆಗಳಲ್ಲಿ ಅವುಗಳಿಗೆ ಇಕಾನಮಿಯಲ್ಲಿ ‘ಎಕ್ಸ್’, ಬಿಸಿನೆಸ್ ದರ್ಜೆಯಲ್ಲಿ ‘ಐ’ ಎಂಬ ಅಕ್ಷರ. ಆ ಅಕ್ಷರದಡಿ ಸೀಟು ಉಳಿದಿಲ್ಲವೆಂದ ಮಾತ್ರಕ್ಕೆ ವಿಮಾನ ತುಂಬಿದೆ ಎಂದಲ್ಲ. ಅದೇ ವಿಮಾನದ ಸೀಟನ್ನು ಹಣಕ್ಕೆ ಮಾರುತ್ತಿರುವುದು ಹಾರಿಸುವ ಸಂಸ್ಥೆಯದೇ ಜಾಲತಾಣದಲ್ಲಿ ಕಾಣುತ್ತಿರುತ್ತದೆ. ಆ ಸೀಟಿಗೆ ನಿಮ್ಮನ್ನು ಹಾಕಲು ಹಾರಿಸುವ ಸಂಸ್ಥೆ ಒಪ್ಪಬೇಕು, ಟಿಕೆಟನ್ನು ಹೊಸದಾಗಿ ಬರೆಯುವುದು ಕೊಟ್ಟ ಸಂಸ್ಥೆಯ ಕೆಲಸ.

ಯುರೋಪಿನ ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಯುರೋಪಿಯನ್ ಒಕ್ಕೂಟದ 261/2004 ಸಂಖ್ಯೆಯ ಕಾನೂನಿನ 3ನೇ ವಿಧಿ, ಸಾರ್ವಜನಿಕರಿಗೆ ಸಿಗದ ಉಚಿತ ಮತ್ತು ರಿಯಾಯಿತಿ ಟಿಕೆಟ್‌ಗಳನ್ನು ಹೊರಗಿಡುತ್ತದೆ. ಆದರೆ ಪಾಯಿಂಟ್ ಯೋಜನೆಯಡಿ ಕೊಟ್ಟ ಟಿಕೆಟ್‌ಗಳಿಗೆ ತಾನು ಅನ್ವಯಿಸುತ್ತೇನೆಂದು ಅಲ್ಲಿಯೇ ಹೇಳುತ್ತದೆ. ವಿಮಾನ ರದ್ದಾದರೆ 8ನೇ ವಿಧಿಯಂತೆ ಆಯ್ಕೆ ಪ್ರಯಾಣಿಕರದು: ಹಣ ವಾಪಸ್, ಸಾಧ್ಯವಾದಷ್ಟು ಬೇಗ ಮೊದಲಿನಂಥದೇ ಸೌಕರ್ಯದಲ್ಲಿ ಬೇರೆ ದಾರಿಯಲ್ಲಿ ಪ್ರಯಾಣ, ಅಥವಾ ಸೀಟು ಇರುವಾಗ ತಮಗೆ ಅನುಕೂಲವಾದ ಮುಂದಿನ ದಿನ. ಈ ಹೊಣೆ ವಿಮಾನ ಹಾರಿಸುವ ಸಂಸ್ಥೆಯದು, ಪಾಯಿಂಟ್ ಸಂಸ್ಥೆಯದಲ್ಲ. 2020ರ ಜೂನ್‌ನಲ್ಲಿ ಯುರೋಪಿಯನ್ ನ್ಯಾಯಾಲಯ ಪೋರ್ಚುಗಲ್‌ನ ಟ್ಯಾಪ್ ಸಂಸ್ಥೆಯ ಪ್ರಕರಣದಲ್ಲಿ, ಬದಲಿ ಪ್ರಯಾಣ ಹುಡುಕುವಾಗ ಬೇರೆ ಸಂಸ್ಥೆಗಳ ವಿಮಾನಗಳನ್ನೂ ನೋಡಬೇಕು, ಅವು ಒಂದೇ ಮೈತ್ರಿಕೂಟದವೇ ಆಗಿರಬೇಕಿಲ್ಲ ಎಂದು ಹೇಳಿದೆ.

ಹದಿನಾಲ್ಕು ದಿನ ಮೊದಲೇ ತಿಳಿಸಿದರೆ ಸಂಸ್ಥೆ ಏನನ್ನೂ ಕೊಡಬೇಕಿಲ್ಲ ಎಂದು ಎಷ್ಟೋ ಜನ ನಂಬಿದ್ದಾರೆ, ಸಹಾಯವಾಣಿಯವರೂ ಹಾಗೇ ಹೇಳುತ್ತಾರೆ. ಅದು ತಪ್ಪು. ಮೊದಲೇ ತಿಳಿಸಿದರೆ ತಪ್ಪುವುದು ನಗದು ಪರಿಹಾರ ಮಾತ್ರ. ಬದಲಿ ಪ್ರಯಾಣದ ಹಕ್ಕು ಹಾಗೆಯೇ ಉಳಿಯುತ್ತದೆ. ಈ ಒಂದು ವಿಷಯವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ನಮಗೆ ದಾರಿ ತೆರೆದದ್ದೇ ಇದರಿಂದ.

ನಾನು ಹಾರಿಸುವ ಸಂಸ್ಥೆಗೆ ಚಿಕ್ಕದೊಂದು ಇ-ಮೇಲ್ ಬರೆದೆ. ಅದರಲ್ಲಿ ಕೋಪತಾಪ ಯಾವುದೂ ಇರಲಿಲ್ಲ. ರದ್ದಾದ ವಿಮಾನದ ಸಂಖ್ಯೆ, 8ನೇ ವಿಧಿಯ ಪ್ರಕಾರ ಬದಲಿ ಪ್ರಯಾಣವನ್ನೇ ಆರಿಸಿಕೊಂಡಿದ್ದೇವೆ ಎಂಬ ಮಾತು, ವೀಸಾ ಮುಗಿಯುವ ದಿನ, ಮತ್ತು ಅವರದೇ ಜಾಲತಾಣದಲ್ಲಿ ಮಾರಾಟಕ್ಕಿದ್ದ ಒಂದು ನಿರ್ದಿಷ್ಟ ವಿಮಾನದ ಸಂಖ್ಯೆ ಮತ್ತು ದಿನಾಂಕ. ‘ಏನಾದರೂ ಮಾಡಿ’ ಎಂದು ಕೇಳಿದರೆ ಯಾರೂ ಏನೂ ಮಾಡುವುದಿಲ್ಲ. ‘ಇದರಲ್ಲಿ ಹಾಕಿ’ ಎಂದು ಬೆರಳಿಟ್ಟು ತೋರಿಸಿದರೆ ಕೆಲಸ ಸಾಗುತ್ತದೆ. ಬಳಿಕ ಪಾಯಿಂಟ್ ಸಂಸ್ಥೆಗೆ ಕರೆ ಮಾಡಿ, ಪಾಲುದಾರ ಸಂಸ್ಥೆಯ ಜೊತೆ ಮಾತನಾಡುವ ಅವರದೇ ವಿಭಾಗದಿಂದ ಆ ಸೀಟನ್ನು ಕೇಳಿಸಿ ಎಂದೆ. ಮೊದಲು ಮಾತನಾಡಿದವರಿಗೆ ಅಂಥ ವಿಭಾಗವಿರುವುದೇ ತಿಳಿದಿರಲಿಲ್ಲ, ಅವರ ಮೇಲಧಿಕಾರಿಗೆ ತಿಳಿದಿತ್ತು. ರದ್ದಾದ ವಿಮಾನದ ಮರುದಿನ ಹಾರುವ ವಿಮಾನದಲ್ಲಿ, ಹಣ ಕೊಟ್ಟವರಿಗೆ ಮಾರುವ ಸೀಟುಗಳಲ್ಲೇ ನಮಗೆರಡು ಸಿಕ್ಕವು. ಹೆಚ್ಚುವರಿ ಪಾಯಿಂಟ್ ಕೇಳಲಿಲ್ಲ.

ಸೀಟು ಸಿಕ್ಕಿತೆಂದು ನಿರಾಳವಾಗಬೇಡಿ. ಕಾಯ್ದಿರಿಸುವುದು ಒಂದು, ಟಿಕೆಟ್ ಮರುಬರೆಯುವುದು ಇನ್ನೊಂದು. ಪಿಎನ್‌ಆರ್‌ನಲ್ಲಿ ಹೊಸ ವಿಮಾನ ಕಂಡರೂ ಇ-ಟಿಕೆಟ್ ಹಳೆಯ ವಿಮಾನಕ್ಕೇ ಅಂಟಿಕೊಂಡಿದ್ದರೆ ಚೆಕ್-ಇನ್ ಕೌಂಟರ್‌ನಲ್ಲಿ ನಿಲ್ಲಿಸುತ್ತಾರೆ. ಹದಿಮೂರು ಅಂಕಿಗಳ ಟಿಕೆಟ್ ಸಂಖ್ಯೆ ಹೊಸದಾಗಿ ಬಂದಿದೆಯೇ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಅದರ ಮೊದಲ ಮೂರು ಅಂಕಿ ಟಿಕೆಟ್ ಕೊಟ್ಟ ಸಂಸ್ಥೆ ಯಾವುದೆಂದು ಹೇಳುತ್ತದೆ: ಏರ್ ಇಂಡಿಯಾಕ್ಕೆ 098, ಸಿಂಗಪುರ ಏರ್‌ಲೈನ್ಸ್‌ಗೆ 618, ಲುಫ್ತಾನ್ಸಾಕ್ಕೆ 220. ಹಾರಿಸುವ ಸಂಸ್ಥೆಯ ಪಿಎನ್‌ಆರ್ ಬೇರೆಯೇ ಇರುತ್ತದೆ, ಅದನ್ನೂ ಕೇಳಿ ಪಡೆಯಿರಿ. ಅಮ್ಮನಿಗೆ ಹೇಳಿಟ್ಟಿದ್ದ ಗಾಲಿಕುರ್ಚಿಯೂ ಸಸ್ಯಾಹಾರದ ಊಟವೂ ಹೊಸ ಟಿಕೆಟ್‌ಗೆ ಬಂದಿರಲಿಲ್ಲ. ಹಾರಿಸುವ ಸಂಸ್ಥೆಯ ಪಿಎನ್‌ಆರ್ ಕೈಯಲ್ಲಿದ್ದುದರಿಂದ ಅವರಿಗೇ ಹೇಳಿ ಎರಡನ್ನೂ ಮತ್ತೆ ಹಾಕಿಸಿದೆ. ವಯಸ್ಸಾದವರ ಜೊತೆ ಹೋಗುವವರು ಇದನ್ನು ತಪ್ಪದೆ ನೋಡಿಕೊಳ್ಳಬೇಕು.

ಬದಲಿ ದಾರಿಯನ್ನು ಒಪ್ಪುವ ಮುನ್ನ ನಕ್ಷೆಯ ಜೊತೆ ವೀಸಾ ನಿಯಮವನ್ನೂ ನೋಡಿ. ನಮಗೆ ಒಮ್ಮೆ ಲಂಡನ್ ಮೂಲಕದ ದಾರಿಯನ್ನು ಸೂಚಿಸಿದರು. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಅಲ್ಲಿ ನಿಲ್ದಾಣದೊಳಗೇ ವಿಮಾನ ಬದಲಿಸುವುದಕ್ಕೂ ಸಾಮಾನ್ಯವಾಗಿ ಟ್ರಾನ್ಸಿಟ್ ವೀಸಾ ಬೇಕು, ಅಲ್ಪಾವಧಿಯ ಷೆಂಗೆನ್ ವೀಸಾ ಅದಕ್ಕೆ ಸಾಲದು. ದುಬೈ ಅಥವಾ ದೋಹಾದಲ್ಲಿ ಒಳಗೇ ಉಳಿದು ಮುಂದೆ ಹೋಗುವವರಿಗೆ ಆ ತೊಡಕಿಲ್ಲ. ಸೂಚಿಸುವ ಸಿಬ್ಬಂದಿಗೆ ನಿಮ್ಮ ಪಾಸ್‌ಪೋರ್ಟ್ ಯಾವುದೆಂಬುದು ಗೊತ್ತಿರುವುದಿಲ್ಲ, ನೀವೇ ಹೇಳಬೇಕು.

ಈ ಹಕ್ಕುಗಳು ಎಲ್ಲ ದಾರಿಗೂ ಇಲ್ಲ. ಯುರೋಪಿಯನ್ ಒಕ್ಕೂಟದಿಂದ ಹೊರಡುವ ವಿಮಾನ ಯಾವ ಸಂಸ್ಥೆಯದಾದರೂ ಕಾನೂನು ಅನ್ವಯಿಸುತ್ತದೆ. ಬೆಂಗಳೂರಿನಿಂದ ಅಲ್ಲಿಗೆ ಹೋಗುವಾಗ ಒಕ್ಕೂಟದ ಸಂಸ್ಥೆಯೇ ಹಾರಿಸುತ್ತಿದ್ದರೆ ಮಾತ್ರ. ಹಾಗಾಗಿ ಪಾಯಿಂಟ್ ಖರ್ಚು ಮಾಡುವಾಗ ಹೋಗುವ ದಿಕ್ಕಿಗೆ ಯಾರ ವಿಮಾನ ಎಂಬುದನ್ನು ನೋಡಿ ಆರಿಸುವುದು ಜಾಣತನ. ಬ್ರಿಟನ್ ಇದೇ ಕಾನೂನನ್ನು ತನ್ನದಾಗಿ ಉಳಿಸಿಕೊಂಡಿದೆ. ಅಮೆರಿಕದಲ್ಲಿ 2024ರ ನಿಯಮದಂತೆ ರದ್ದಾದ ವಿಮಾನದ ಪಾಯಿಂಟ್‌ಗಳನ್ನು ಪಾಯಿಂಟ್‌ಗಳಾಗಿಯೇ ಮರಳಿಸಬೇಕು, ಆದರೆ ಬೇರೆ ಸಂಸ್ಥೆಯ ವಿಮಾನದಲ್ಲಿ ಕಳುಹಿಸಲೇಬೇಕೆಂಬ ಒತ್ತಾಯವಿಲ್ಲ.

ಹದಿನಾಲ್ಕು ದಿನಕ್ಕಿಂತ ಕಡಿಮೆ ಇರುವಾಗ ರದ್ದಾದರೆ ಲೆಕ್ಕ ಬದಲಾಗುತ್ತದೆ. 3,500 ಕಿಲೋಮೀಟರ್‌ ಮೀರಿದ ದೂರಕ್ಕೆ ತಲಾ 600 ಯೂರೋ ಪರಿಹಾರವಿದೆ. ಸಂಸ್ಥೆಯ ಕೈ ಮೀರಿದ ಅಸಾಧಾರಣ ಕಾರಣವಿದ್ದರೆ, ಅಥವಾ ಕೊಟ್ಟ ಬದಲಿ ವಿಮಾನದ ಸಮಯ ಮೊದಲಿನದಕ್ಕೆ ಹತ್ತಿರವಿದ್ದರೆ ಅದು ಸಿಗದು. ಆದರೆ ಊಟ ಮತ್ತು ಹೋಟೆಲಿನ ಹೊಣೆ ಅಸಾಧಾರಣ ಸಂದರ್ಭದಲ್ಲೂ ತಪ್ಪದು. 2010ರಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿಯ ಬೂದಿಯಿಂದ ಆಕಾಶ ಮುಚ್ಚಿದಾಗ ಸಿಕ್ಕಿಕೊಂಡವರ ಪ್ರಕರಣದಲ್ಲಿ ನ್ಯಾಯಾಲಯ ಹಾಗೆಂದೇ ತೀರ್ಪು ಕೊಟ್ಟಿತು. ಬಿಲ್ಲುಗಳನ್ನು ಜೋಪಾನವಾಗಿಡಿ. ಈ ಕಾನೂನನ್ನು ತಿದ್ದುವ ಚರ್ಚೆ ಒಕ್ಕೂಟದಲ್ಲಿ ನಡೆದಿರುವುದರಿಂದ ಹೊರಡುವ ಮುನ್ನ ಮೊತ್ತಗಳನ್ನು ಮತ್ತೊಮ್ಮೆ ನೋಡಿಕೊಳ್ಳಿ. ಅರ್ಜಿ ಹೋಗಬೇಕಾದದ್ದು ಹಾರಿಸುವ ಸಂಸ್ಥೆಗೆ. ಪಾಯಿಂಟ್ ಯಾರ ಖಾತೆಯಿಂದ ಹೋಗಿದ್ದರೂ ಪರಿಹಾರ ಪ್ರಯಾಣಿಸಬೇಕಿದ್ದವರದು, ಆದ್ದರಿಂದ ಜೊತೆಗಿರುವ ತಂದೆ, ತಾಯಿ, ಮಕ್ಕಳ ಹೆಸರುಗಳನ್ನೂ ಅರ್ಜಿಯಲ್ಲಿ ಸೇರಿಸಿ.