ನಾನೇ ಜೋಡಿಸಿದ ಮೊದಲ ಪುಟ

ಐಗೂಗಲ್ ನೆನಪಿರುವವರು ಈಗ ಎಷ್ಟು ಮಂದಿ ಇದ್ದಾರೋ! ಬ್ರೌಸರ್ ತೆರೆದಾಗ ಮೊದಲು ಕಾಣುವಂತೆ ನಮಗೆ ಬೇಕಾದುದನ್ನು ನಾವೇ ಜೋಡಿಸಿಕೊಳ್ಳುವ ಪುಟ ಅದು. 2005ರಲ್ಲಿ ಗೂಗಲ್ ಆರಂಭಿಸಿದ ಆ ಪುಟಕ್ಕೆ 2007ರಲ್ಲಿ ಈ ಹೆಸರು ಬಂದಿತು; 2013ರ ನವೆಂಬರ್ 1ರಂದು ಅದನ್ನು ಮುಚ್ಚಿದರು. ಯಾಹೂ ಇದೇ ಕೆಲಸವನ್ನು ‘ಮೈ ಯಾಹೂ’ ಎಂದು 1996ರಲ್ಲಿಯೇ ಶುರುಮಾಡಿತ್ತು. ಹವಾಮಾನ, ಗಡಿಯಾರ, ಸುದ್ದಿಯಂಥ ಬೇಕಾದ ಚೌಕಗಳನ್ನು ಆರಿಸಿ, ಎಳೆದು, ಬೇಕಾದಲ್ಲಿ ಕೂರಿಸಿಕೊಳ್ಳುವುದು, ಅಷ್ಟೇ.

ನನ್ನ ಪುಟದ ಎಡಮೂಲೆಯಲ್ಲಿ ತೀರ್ಥಹಳ್ಳಿಯ ಹವಾಮಾನವಿತ್ತು. ಊರಿನ ಅಂಗಳದಲ್ಲಿ ಅಡಿಕೆ ಒಣಗುತ್ತಿದ್ದರೆ ಬೆಂಗಳೂರಿನ ಕಚೇರಿಯಲ್ಲಿ ಕುಳಿತವನಿಗೂ ಮೋಡದ ಚಿಂತೆ ತಪ್ಪುವುದಿಲ್ಲ. ಕೆಳಗೆ ಅಕ್ಕನಿರುವ ಟೊರಾಂಟೊದ ಗಡಿಯಾರ. ಬಲಗಡೆ ಕನ್ನಡ ಬ್ಲಾಗುಗಳ ಹೊಸ ಬರಹಗಳನ್ನು ತಾನಾಗಿ ತಿಳಿಸುವ ಆರ್‌ಎಸ್‌ಎಸ್ ಫೀಡುಗಳ ಸಾಲು; ಪುಟದ ಜೀವವೇ ಅದು. ಪ್ರತಿ ತಾಣವೂ ಹೊಸ ಬರಹಗಳ ಶೀರ್ಷಿಕೆ, ಕೊಂಡಿ, ದಿನಾಂಕಗಳನ್ನು ಯಂತ್ರಗಳು ಓದಬಲ್ಲ ಒಂದು ಎಕ್ಸ್‌ಎಂಎಲ್ ಕಡತದಲ್ಲಿ ಇಟ್ಟಿರುತ್ತದೆ, ನಾವು ಜೋಡಿಸಿದ ಪುಟವನ್ನು ನಡೆಸುವ ಸೇವೆ ಆಗಾಗ ಹೋಗಿ ಅದನ್ನು ಓದಿಕೊಂಡು ಬರುತ್ತದೆ. ತಿಂಗಳುಗಟ್ಟಲೆ ಸುಮ್ಮನಿದ್ದವರು ಮತ್ತೆ ಬರೆದ ದಿನ ಅವರ ಶೀರ್ಷಿಕೆ ತಾನಾಗಿ ಮೇಲೆ ಬಂದು ಕೂರುತ್ತಿತ್ತು.

ಈಗಿನ ಸಾಮಾಜಿಕ ಜಾಲತಾಣಗಳ ಫೀಡುಗಳನ್ನೂ ‘ನಿಮಗಾಗಿ’ ಎನ್ನುತ್ತಾರೆ. ನನ್ನನ್ನು ಯಾರು ಕೇಳಿದರು? ನನ್ನ ಬೆರಳು ಎಲ್ಲಿ ತಡೆಯಿತು ಎಂದು ನೋಡಿಕೊಂಡು ಯಂತ್ರವೇ ಆರಿಸುತ್ತದೆ. ಮೊಣಕಾಲು ನೋವಿನ ಒಂದು ವಿಡಿಯೊ ನೋಡಿದ ತಪ್ಪಿಗೆ ವಾರವಿಡೀ ಎಣ್ಣೆ ಮಾರುವವರ ಮುಖದರ್ಶನ!

ಅಂಥ ಪುಟವೊಂದನ್ನು ಮತ್ತೆ ಜೋಡಿಸಿಕೊಂಡಿದ್ದೇನೆ. ಹವಾಮಾನದ ಪಕ್ಕದಲ್ಲಿ ಈಗ ಅಡಿಕೆ ಧಾರಣೆಯ ಕೊಂಡಿ, ಪಹಣಿಗೆ ‘ಭೂಮಿ’ ತಾಣದ ಕೊಂಡಿ. ನೀವೂ ಮಾಡಿಕೊಳ್ಳುವುದಾದರೆ ಆರ್‌ಎಸ್‌ಎಸ್ ಫೀಡುಗಳ ಪಟ್ಟಿಯನ್ನು ಒಪಿಎಂಎಲ್ ಕಡತವಾಗಿ (ಬೇರೆ ಸೇವೆಗಳೂ ಓದಬಲ್ಲ ಪಟ್ಟಿಯ ರೂಪ) ಇಳಿಸಿಕೊಳ್ಳಲು ಬಿಡುವ ಸೇವೆಯನ್ನೇ ಆರಿಸಿ. ಅವರು ಅಂಗಡಿ ಮುಚ್ಚಿದರೆ ಪಟ್ಟಿಯನ್ನು ಬೇರೆಡೆಗೆ ಒಯ್ಯಬಹುದು.