ರಾಕಿ ಇದ್ದ ಜಾಗ ತೋರಿಸು ಅಂದರು

ದಸರಾ ರಜೆಗೆ ದಾವಣಗೆರೆಯಿಂದ ಚಿಕ್ಕಮ್ಮನ ಮಕ್ಕಳಿಬ್ಬರು ಕೋಲಾರಕ್ಕೆ ಬಂದಿದ್ದರು. ಅಂತರಗಂಗೆ ಬೇಡ, ಕೋಲಾರಮ್ಮನ ಗುಡಿ ಆಮೇಲೆ ನೋಡೋಣ, ಮೊದಲು ಕೆಜಿಎಫ್, ಅಂದರೆ ಕೋಲಾರದ ಚಿನ್ನದ ಗಣಿ ಊರು, ತೋರಿಸು ಅಂತ ಹಟ ಹಿಡಿದರು. 'ಕೆಜಿಎಫ್' ಸಿನಿಮಾದ ನಾಯಕ ರಾಕಿ ಇದ್ದ ಜಾಗ ನೋಡಬೇಕಂತೆ. ಬಂಗಾರಪೇಟೆ ಮೇಲೆ ಹೋಗಿ ರಾಬರ್ಟ್‌ಸನ್‌ಪೇಟೆಯಲ್ಲಿ ಇಳಿದೆವು.

ಸೈನೈಡ್ ದಿಬ್ಬ ಕಂಡದ್ದೇ ಇಬ್ಬರೂ ಫೋನ್ ತೆಗೆದರು. 2018ರಲ್ಲಿ ಬಂದ 'ಕೆಜಿಎಫ್' ಚಿತ್ರದ ಸೆಟ್ ಹಾಕಿದ್ದು ಈ ದಿಬ್ಬಗಳ ಮೇಲೇ. ಗಣಿಯಿಂದ ಮೇಲೆ ತಂದ ಕಲ್ಲನ್ನು ಪುಡಿ ಮಾಡಿ, ಸೈನೈಡ್ ಹಾಕಿ ಚಿನ್ನ ತೆಗೆದುಕೊಂಡ ಮೇಲೆ ಉಳಿದ ಮಣ್ಣು ಇದು. ನೂರಕ್ಕೂ ಹೆಚ್ಚು ವರ್ಷ ಸುರಿದು ಸುರಿದು ಗುಡ್ಡವಾಗಿದೆ. ಜೋರಾಗಿ ಗಾಳಿ ಬೀಸಿದರೆ ಇದರ ಧೂಳು ಊರೊಳಗಿನ ಮನೆಗಳಿಗೆ ನುಗ್ಗುತ್ತದೆ. ಹುಡುಗರಿಗೆ ಅದನ್ನು ಹೇಳಿದೆ. ಕೇಳಿಸಿಕೊಂಡರು, ಫೋಟೊ ಮುಂದುವರಿಸಿದರು.

ಅಲ್ಲಿಂದ ಚಾಂಪಿಯನ್ ರೀಫ್ಸ್‌ನಲ್ಲಿರುವ ಗೆಳೆಯನ ಮನೆಗೆ ಹೋದೆವು. ಅವನ ಅಪ್ಪ ಗಣಿ ಮುಚ್ಚುವವರೆಗೂ ಅಂಡರ್‌ಗ್ರೌಂಡಿನಲ್ಲಿ ದುಡಿದವರು. ಮನೆಮಾತು ತಮಿಳು, ನಮ್ಮ ಜೊತೆ ಕನ್ನಡ. ಲೈನ್ ಮನೆ ಅಂದರೆ ಗಣಿ ಕಾರ್ಮಿಕರ ಸಾಲುಮನೆ; ಮುಂದೊಂದು ಕೋಣೆ, ಹಿಂದೊಂದು ಒಲೆ ಇಡುವಷ್ಟು ಜಾಗ. ನಾವು ಕೂತ ಮೇಲೆ ಒಬ್ಬರು ಎದ್ದು ನಿಲ್ಲಬೇಕಾಯಿತು. ಗೋಡೆಯ ಮೊಳೆಗೆ ಒಂದು ಹಿತ್ತಾಳೆ ಬಿಲ್ಲೆ ನೇತುಹಾಕಿದ್ದರು. ಮೇಲೆ ಬರೀ ನಂಬರು. ಅಂಚು ಸವೆದು ನುಣ್ಣಗಾಗಿತ್ತು. ಅದನ್ನು ಇಳಿಸಿ ಚಿಕ್ಕವನ ಕೈಗೆ ಕೊಟ್ಟರು.

"ಗಣಿಗೆ ಇಳಿಸೋ ಕೇಜ್ ಹತ್ತೋ ಮುಂಚೆ ಇದನ್ನ ಕೊಡ್ಬೇಕು. ಮೇಲೆ ಬಂದ ಮೇಲೆ ವಾಪಸ್ ತಗೋಬೇಕು. ಶಿಫ್ಟ್ ಮುಗಿದ ಮೇಲೂ ಟೋಕನ್ ಅಲ್ಲೇ ಇದ್ರೆ, ಒಬ್ಬ ಒಳಗೇ ಇದಾನೆ ಅಂತ."

ಚಿಕ್ಕವನು ಅದನ್ನು ತಿರುಗಿಸಿ ನೋಡುತ್ತಾ ಕೇಳಿದ, "ತಾತಾ, ನಿಮ್ಮನ್ನೂ ಗನ್ ಹಿಡಿದು ಕೆಲಸ ಮಾಡಿಸ್ತಿದ್ರಾ?"

"ಗನ್ ಯಾಕಪ್ಪಾ? ಸಂಗು, ಅದೇ ಗಣಿ ಸೈರನ್, ಊದಿದ್ರೆ ನಾವೇ ಹೋಗ್ತಿದ್ವಿ. ಹೋಗಿಲ್ಲ ಅಂದ್ರೆ ಸಂಬಳ ಇಲ್ಲ."

ಅವರೂ ಆ ಸಿನಿಮಾ ನೋಡಿದ್ದಾರೆ. ಫೈಟ್ ಚೆನ್ನಾಗಿದೆ, ಯಶ್ ಚೆನ್ನಾಗಿ ಮಾಡಿದ್ದಾನೆ ಅಂತ ಮನಸಾರೆ ಹೊಗಳಿದರು. ಒಂದೇ ವಿಷಯಕ್ಕೆ ಅವರಿಗೆ ಬೇಜಾರು. "ಅಷ್ಟು ಸಾವಿರ ಜನ ಸುಮ್ನೆ ಏಟು ತಿಂತಾರೆ. ಒಬ್ನಾದ್ರೂ ಯೂನಿಯನ್ ಕಟ್ಟಲಿಲ್ವಲ್ಲ!"

ನನಗೆ ಆ ಮಾತು ಥಟ್ಟನೆ ತಟ್ಟಿತು. ಚಿತ್ರದಲ್ಲಿ 1951ರಲ್ಲಿ ಚಿನ್ನ ಸಿಗುತ್ತದೆ, ಒಬ್ಬ ಕ್ರೂರಿಯ ಕೈಕೆಳಗೆ ಜನ ಗುಲಾಮರಾಗಿ ಕೊಳೆಯುತ್ತಾರೆ, ಹೊರಗಿನಿಂದ ಒಬ್ಬ ಬಂದು ಬಿಡಿಸುತ್ತಾನೆ. ನಿಜದಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಗಣಿ ಶುರು ಮಾಡಿದ್ದು 1880ರ ಆಸುಪಾಸು. 1902ಕ್ಕೇ ಶಿವನಸಮುದ್ರದಿಂದ ಕರೆಂಟ್ ಬಂತು. 1956ರಲ್ಲಿ ಗಣಿ ಸರ್ಕಾರದ ಕೈಗೆ ಬಂತು. 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಈ ನಡುವೆ 1930ರಲ್ಲಿ ಕಾರ್ಮಿಕರ ಬೆರಳಚ್ಚು ತೆಗೆದುಕೊಳ್ಳಲು ಕಂಪನಿ ಹೊರಟಾಗ, ನಾವೇನು ಕಳ್ಳರಾ ಅಂತ ಜನ ಸಿಟ್ಟಿಗೆದ್ದು ಸುಮಾರು ಮೂರು ವಾರ ಕೆಲಸಕ್ಕೇ ಇಳಿಯಲಿಲ್ಲ. ಗೆಳೆಯನ ಮುತ್ತಾತ ಅದರಲ್ಲಿದ್ದರಂತೆ. ಉತ್ತರ ಆರ್ಕಾಟಿನ ಕಡೆಯಿಂದ ಬಂದ ದಲಿತ ಕುಟುಂಬ. ಯಾವ ರಾಕಿಗೂ ಕಾಯದೆ ಎದ್ದು ನಿಂತವರು.

ಸಿನಿಮಾದವರು ನಿಜ ಕಥೆ ಅಂತ ಎಲ್ಲಿ ಹೇಳಿದ್ದಾರೆ ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆಯೇ. ಆದರೆ ಊರಿನ ಹೆಸರು ತೆಗೆದುಕೊಂಡಿದ್ದಾರೆ, ಊರಿನ ಮಣ್ಣಿನ ಮೇಲೇ ಸೆಟ್ ಹಾಕಿದ್ದಾರೆ. ಈಗ ಹೊರಗಿನವರಿಗೆ ಈ ಊರು ಅಂದರೆ ಆ ಕಥೆಯೇ. ಏರ್ ಡೆಕ್ಕನ್ ವಿಮಾನ ಕಂಪನಿ ಕಟ್ಟಿದ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರ ಬದುಕಿನಿಂದ 2020ರಲ್ಲಿ 'ಸೂರರೈ ಪೋಟ್ರು' ಅನ್ನುವ ತಮಿಳು ಸಿನಿಮಾ ಬಂತು. ಅಲ್ಲಿ ನಾಯಕ ಮಧುರೈ ಕಡೆಯ ತಮಿಳು ಹುಡುಗನಾದ. ಗೋಪಿನಾಥ್ ಸ್ವತಃ, ತುಂಬಾ ಕಲ್ಪನೆ ಸೇರಿದೆ ಆದರೆ ನನ್ನ ಪುಸ್ತಕದ ಸಾರ ಇದೆ ಅಂತ ಎಲ್ಲರೆದುರು ಹೇಳಿದರು. ಅವರು ಹೆಸರುವಾಸಿ. ಹೇಳಿದರೆ ಜನ ಕೇಳುತ್ತಾರೆ. ಒಂದು ಇಡೀ ಊರಿನ ದುಡಿಮೆಯನ್ನು ತೆರೆಗೆ ತಂದಾಗ, ಇದು ನಾವಲ್ಲ ಅಂತ ಹೇಳಬೇಕಾದವರು ಯಾರು? ಹಿತ್ತಾಳೆ ಬಿಲ್ಲೆಯ ಮೇಲೆ ಹೆಸರೂ ಇಲ್ಲ, ನಂಬರು ಅಷ್ಟೇ. ನನಗೆ ನಿಜವಾಗಿ ನೋವಾಗುವುದು ಇಲ್ಲಿ.

ಹುಡುಗರು ಆಮೇಲೆ ಫೋನ್ ಮುಟ್ಟಲಿಲ್ಲ. ತಾತ ಏರ್‌ಬ್ಲಾಸ್ಟ್ ಕಥೆ ಶುರು ಮಾಡಿದ್ದರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಜಾಸ್ತಿ ಆಳ. ಅಷ್ಟು ಕೆಳಗೆ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತದೆ, ತಂಪು ಗಾಳಿ ಒಳಕ್ಕೆ ತಳ್ಳದಿದ್ದರೆ ಕೆಲಸ ಸಾಧ್ಯವೇ ಇಲ್ಲ. ಮೇಲಿನ ಭಾರಕ್ಕೆ ಬಂಡೆ ಬಿಗಿದು ಬಿಗಿದು ಇದ್ದಕ್ಕಿದ್ದಂತೆ ಸಿಡಿಯುತ್ತದೆ. ಅದಕ್ಕೇ ಇಲ್ಲಿನವರು ಏರ್‌ಬ್ಲಾಸ್ಟ್ ಅನ್ನುವುದು. "ಕೆಳಗೆ ಸಿಡಿದ್ರೆ ಮೇಲೆ ಈ ಅಟ್ಟದ ಪಾತ್ರೆ ಬೀಳೋದು. ಪಾತ್ರೆ ಬಿತ್ತು ಅಂದ್ರೆ ಹೆಂಗಸ್ರೆಲ್ಲ ಶಾಫ್ಟ್ ಕಡೆ ಓಡೋರು." ಬದುಕಿ ಬಂದವರಲ್ಲೂ ಎಷ್ಟೋ ಜನರನ್ನು ಕಲ್ಲುಧೂಳು ತಿಂದಿತು. ಸಿಲಿಕೋಸಿಸ್ ಅನ್ನುವ ಆ ಶ್ವಾಸಕೋಶದ ರೋಗದ ಹೆಸರು ಈ ಲೈನಿನಲ್ಲಿ ಶಾಲೆಗೆ ಹೋಗದವರಿಗೂ ಗೊತ್ತು.

ಹೊರಡುವ ಮುಂಚೆ ನಾನು ಕೇಳಿದೆ. ನಾಳೆ ಯಾರಾದರೂ ನಿಮ್ಮ ಬದುಕಿನ ಸಿನಿಮಾ ಮಾಡ್ತೀನಿ ಅಂತ ಬಂದರೆ ಏನು ತೋರಿಸಿ ಅಂತೀರಿ?

"ಆ ಓಡಿ ಬರ್ತಿದ್ದ ಹೆಂಗಸ್ರನ್ನ ತೋರಿಸ್ಲಿ," ಅಂದರು.

ಒಳಗಿನಿಂದ ಗೆಳೆಯನ ಅಮ್ಮ ಬಂದರು. "ಬರೀ ಅಳೋದನ್ನೇ ಯಾಕೆ ತೋರಿಸ್ಬೇಕು? ಸಂಬಳದ ದಿನ ಪೇಟೆ ಹೆಂಗಿರ್ತಿತ್ತು, ಕ್ರಿಸ್‌ಮಸ್‌ಗೆ ಲೈನ್ ಪೂರ್ತಿ ಸ್ಟಾರ್ ಕಟ್ತಿದ್ವಿ, ಭಾನುವಾರ ಫುಟ್‌ಬಾಲ್. ಅದೆಲ್ಲ ಬದುಕಲ್ವಾ?"

ಆಟ ಬೇಕಾದರೆ ಹಾಕಲಿ, ಆದರೆ ಮೊದಲು ಸ್ಟ್ರೈಕ್ ಬರಬೇಕು ಅಂತ ತಾತ. ಸ್ಟ್ರೈಕ್ ಮಾಡಿದ ದಿನಗಳಲ್ಲಿ ಮನೆ ನಡೆಸಿದವರು ಯಾರು ಅಂತ ಅಮ್ಮ. ಇಬ್ಬರೂ ತಮಿಳಿಗೆ ಹೊರಳಿ ಜೋರಾಗಿ ವಾದ ಮಾಡತೊಡಗಿದರು. ದೊಡ್ಡವನು ನನ್ನ ಕಡೆ ಬಾಗಿ, ಮುಂದಿನ ಬಸ್ಸಿಗೆ ಹೋಗೋಣ, ಇವರು ಏನು ಹೇಳ್ತಿದ್ದಾರೆ ಅಂತ ಕೇಳಿ ಹೇಳು ಅಂದ.